ನಿದ್ದೆ ಮತ್ತು ಗೊರಕೆ: ಶಂಭುಲಿಂಗ

ಕುರ್ಚಿ ಇದ್ದಷ್ಟು ಕಾಲು ಚಾಚು, ಕಾಲು ಚಾಚಿದಷ್ಟು ಗೊರಕೆ ಹೊಡೆ ಎಂದು ಹಿರಿಯರು ಹೇಳಿದ್ದಾರೆ. ಹೇಳಿರದಿದ್ದರೆ ಅದು ಹಿರಿಯರ ತಪ್ಪು. ಕತೆಯಂತೂ ಖರೇ. 2007ರಲ್ಲಿ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಡೆದದ್ದು. ಇದಕ್ಕೆ ಒಂದು ಚಿಟಿಕೆಯೂ ಬಣ್ಣ ಹಾಕಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಯಾರೂ ಬಣ್ಣ ಹಾಕುವುದಿಲ್ಲ.

ಕೋಲ್ಡ್ ಸ್ಟೋರೇಜಿಗೆ ಹತ್ತು ವರ್ಷ ತುಂಬಿದ ಭಾನುವಾರ ಅಂಗಳದಲ್ಲಿ ಪೆಂಡಾಲು ಹಾಕಿ, ಮಾಲೀಕರನ್ನೂ ಪೇಟೆಯ ವ್ಯಾಪಾರಸ್ಥರನ್ನೂ ಮುಂದಿನ ಸಾಲಿನಲ್ಲಿ ಕೂಡ್ರಿಸಿ, ಸಂಸ್ಥೆಯ ಬಗ್ಗೆ ಒಂದು ವಿಡಿಯೋ ತೋರಿಸಿದರು. ಅದನ್ನು ತಯಾರಿಸಿದವಳು ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಶ್ವೇತಾ. ಕ್ಯಾಮೆರಾ ಕಡ ತಂದು, ಮೆಣಸಿನಕಾಯಿ ಚೀಲ ಗೇಟಿನೊಳಗೆ ಬರುವುದರಿಂದ ಹಿಡಿದು ಥಂಡಿ ಕೋಣೆ ಸೇರುವವರೆಗೆ ಎಲ್ಲವನ್ನೂ ಹನ್ನೆರಡು ನಿಮಿಷದಲ್ಲಿ ಚೆಂದಾಗಿ ಹಿಡಿದಿದ್ದಳು. ವಿಡಿಯೋ ಮುಗಿಯಿತು. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಆದರೆ ಪರದೆ ಆರಲಿಲ್ಲ.

ಮೊದಲು 'ಖರೇ ದುಡಿದವರು' ಎಂಬ ತಲೆಬರಹದ ಕೆಳಗೆ, ಶೆಡ್ಡಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹದಿನಾಲ್ಕು ಹೆಣ್ಣುಮಕ್ಕಳ ಹೆಸರು ಒಂದೊಂದಾಗಿ ಮೇಲೇರಿದವು. ಆಮೇಲೆ ಮ್ಯಾನೇಜರ್ ಶಂಭುಲಿಂಗ ಕಾಣಿಸಿಕೊಂಡರು. ಕುರ್ಚಿಯಲ್ಲಿ ಹಿಂದಕ್ಕೊರಗಿ, ಬಾಯಿ ತೆರೆದು, ಮೀಸೆ ಕುಣಿಸುತ್ತ ಗೊರಕೆ ಹೊಡೆಯುತ್ತಿದ್ದರು. ಕೆಳಗೆ ಅಕ್ಷರ ಮೂಡಿತು: 'ನಿದ್ದೆ ಮತ್ತು ಗೊರಕೆ: ಶಂಭುಲಿಂಗ.' ಕಟ್ಟಕಡೆಗೆ ಶಹನಾಯಿ ಊದಿ, ಗುಲಾಬಿ ಪಕಳೆ ಉದುರಿ, ಈ ಚಿತ್ರ ಇಂಥ ತಂತ್ರಾಂಶದಿಂದ ತಯಾರಾಗಿದೆ ಎಂದು ಇಂಗ್ಲಿಷಿನಲ್ಲಿ ಬಂದು ಪರದೆ ಕಪ್ಪಾಯಿತು.

ಪೆಂಡಾಲು ಹಾರಿಹೋಗುವಂತೆ ನಗೆ ಎದ್ದಿತು. ಶಂಭುಲಿಂಗರು ಎದ್ದು ನಿಂತಾಗ ಅದು ಅಷ್ಟೇ ಲಗೂ ಸತ್ತಿತು. ಅವರು ಶ್ವೇತಾಳಿಂದ ಕಂಪ್ಯೂಟರ್ ಕೋಣೆಯ ಕೀಲಿ ಕಸಿದುಕೊಂಡು ಜೇಬಿಗೆ ಹಾಕಿಕೊಂಡರು. ನಾಳೆಯಿಂದ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂಡ್ರಬೇಕು; ಬುಧವಾರದೊಳಗೆ ತಪ್ಪು ಒಪ್ಪಬೇಕು; ಇಲ್ಲವಾದರೆ ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಪೇಟೆಯ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತದಂತೆ ಮಾಡುತ್ತೇನೆ ಎಂದು ಎಲ್ಲರ ಮುಂದೆ ಹೇಳಿದರು.

ಅಗಡಿ ಎಂಬ ಹಳ್ಳಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬರುವ ಹುಡುಗಿ ಅವಳು. ಅವರ ಓಣಿಯಿಂದ ಕಂಪ್ಯೂಟರ್ ಕೆಲಸಕ್ಕೆ ಹೊರಟ ಮೊದಲನೆಯವಳು. ಇವಳ ಹೆಸರು ಕೆಟ್ಟರೆ ಇವಳ ಹಿಂದೆ ಹೊರಡುವ ಹುಡುಗಿಯರನ್ನು ಯಾವ ಅಪ್ಪನೂ ಬಸ್ಸು ಹತ್ತಿಸುವುದಿಲ್ಲ. ಅದಕ್ಕೇ ಅವಳು ಆ ಸಂಜೆಯೇ ಮಕ್ತುಮಬಿಯ ಮನೆಯ ಬಾಗಿಲಿಗೆ ಬಂದಳು.

ಮಕ್ತುಮಬಿ ಶೆಡ್ಡಿನ ಹೆಣ್ಣುಮಕ್ಕಳ ಮುಖಂಡಳು. ಓದು ಬರದು. ಆದರೆ ಒಂದು ಕಾಯಿ ಮೂಸಿ ಅದು ಯಾವ ಊರಿನ ಹೊಲದ್ದೆಂದು ಹೇಳುವಳು. ಊರಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಅವಳ ಹತ್ತಿರ ಬರುತ್ತಿದ್ದರು. ಕಳೆದ ಎಮ್ಮೆ, ಕಳೆದ ಬೋರಮಾಳ ಸರ, ಒಮ್ಮೆ ಕಳೆದ ಅಳಿಯ, ಎಲ್ಲವನ್ನೂ ಪತ್ತೆ ಹಚ್ಚಿದ್ದಳು. ಪ್ರತಿ ಸಲವೂ ಅವಳ ಜೊತೆಗಿರುತ್ತಿದ್ದವನು ತೂಕದ ಕ್ಲಾರ್ಕ್ ಕೊಟ್ರೇಶ. ಹಾವೇರಿ ಕಾಲೇಜಿನ ಬಿ.ಕಾಂ. ಓದಿದ್ದಕ್ಕಿಂತ ಮಾಸ್ತರರ ದನಿ ಕಲಿತದ್ದೇ ಹೆಚ್ಚು. ಶಂಭುಲಿಂಗರ ಗೊರಕೆಯನ್ನು ಅವನು ಮೂರು ರಾಗದಲ್ಲಿ ಹೊಡೆದು ತೋರಿಸುತ್ತಿದ್ದನಾದ್ದರಿಂದ, ಶ್ವೇತಾ ಬಿಟ್ಟರೆ ಅನುಮಾನ ಅವನ ಮೇಲೇ ಇತ್ತು. ಹೀಗಾಗಿ ಈ ಸಲ ಅವನಿಗೂ ಅವಸರವಿತ್ತು.

ಶ್ವೇತಾ ಅಳಲಿಲ್ಲ. "ಖಾಲಾ, ನನಗ ಕೆಲಸ ಬೇಕು. ಆದರ ಬರೇ ಕೆಲಸ ಕೊಡಿಸಿ ಬಿಡಬ್ಯಾಡ್ರಿ. ಇದನ್ನ ಮಾಡಿದವ್ರು ಆ ಬೆಂಚಿನ ಮ್ಯಾಲ ಕುಂತಿದ್ದನ್ನ ನಾ ಕಣ್ಣಿಲೆ ನೋಡಬೇಕು," ಎಂದಳು.

"ನೋಡೀಯಂತ ಮಗಳ. ನಮ್ಮ ಹೆಣ್ಣುಮಕ್ಕಳ ಹೆಸರು ಹಿಡದು ಆಟ ಆಡ್ಯಾರ. ನನಗೂ ಹೊಟ್ಟಿ ಉರದೈತಿ," ಎಂದಳು ಮಕ್ತುಮಬಿ.

ಕಾವಲುಗಾರ ಚಮನಸಾಬನ ಮನೆಯ ಟಿವಿಗೆ ಆ ವಿಡಿಯೋದ ಡಿಸ್ಕ್ ಹಾಕಿ ಮೂರು ಸಲ ನೋಡಿದರು. ಹೆಸರುಗಳನ್ನು ಕೊಟ್ರೇಶ ಓದಿ ಹೇಳಿದ: ಪುಷ್ಪಲತಾ, ಉಚ್ಚಂಗೆವ್ವ, ಸಿಮ್ರಾನ, ಹೀಗೆ ಹದಿನಾಲ್ಕು. ಮಕ್ತುಮಬಿ ಕಣ್ಣು ಮುಚ್ಚಿ ಕೇಳಿದಳು. ಪೆಂಡಾಲಿನಲ್ಲಿ ಎಲ್ಲರೂ ತಂತಮ್ಮ ಹೆಸರು ಬಂದಾಗ ಕೇಕೆ ಹಾಕಿದ್ದರಲ್ಲ, ಶೆಡ್ಡಿನ ಸುಶೀಲವ್ವ ಒಬ್ಬಳೇ ಯಾಕೆ ಕಣ್ಣೊರೆಸಿಕೊಂಡಳು ಎಂದು ಕೇಳಿದಳು. ಮೆಣಸಿನಕಾಯಿಯ ಘಾಟು ಇರಬೇಕು ಎಂದ ಕೊಟ್ರೇಶ. ಬ್ಯಾಡಗಿಯಲ್ಲಿ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ.

ಆಮೇಲೆ ಅವಳು ಶ್ವೇತಾಳ ಕಡೆ ತಿರುಗಿ, ಈ ಶಹನಾಯಿ, ಈ ಹೂವು ನಿನ್ನ ಕಂಪ್ಯೂಟರಿನಲ್ಲಿ ಇದೆಯೇ ಎಂದಳು. ಇಲ್ಲ, ತನ್ನ ತಂತ್ರಾಂಶ ಬಾಲ ಹಚ್ಚುವುದಿಲ್ಲ. ದುಡ್ಡು ಕೊಡದೆ ಬಳಸುವ ಕೆಲವು ಮಾತ್ರ ಕಡೆಗೆ ತಮ್ಮ ಹೆಸರನ್ನು ತಾವೇ ಹಚ್ಚಿಕೊಳ್ಳುತ್ತವೆ, ಅದನ್ನು ಕತ್ತರಿಸಲು ಗೊತ್ತಿರಬೇಕು ಎಂದಳು ಶ್ವೇತಾ. ಶುಕ್ರವಾರ ಸಂಜೆ ಅವಳು ಡಿಸ್ಕನ್ನು ಆಫೀಸಿನ ಡ್ರಾಯರಿನಲ್ಲಿಟ್ಟಿದ್ದಳು. ಶನಿವಾರ ಅಲ್ಲಿಗೆ ಹೋದವರು ಮೂವರೇ ಎಂದ ಚಮನಸಾಬ: ತಾನು, ಕೊಟ್ರೇಶ ಮತ್ತು ಹಾಜರಿ ಬರೆಯುವ ಶೇಖಪ್ಪ. ಮಧ್ಯಾಹ್ನದ ಮೇಲೆ ಕೊಟ್ರೇಶ ಅಗಡಿಯ ಒಂದು ತೊಟ್ಟಿಲ ಕಾರ್ಯಕ್ಕೆ, ಶೇಖಪ್ಪ ಕೆಲಸದ ಮೇಲೆ ಹಾವೇರಿಗೆ ಹೋಗಿದ್ದರು.

ಶಹನಾಯಿ ಅಂದರೆ ಮದುವೆ. ಸೋಮವಾರ ಕೊಟ್ರೇಶ ಮದುವೆ ವಿಡಿಯೋದವರಿಗೆಲ್ಲ ಫೋನು ಮಾಡಿ, ಆ ತಂತ್ರಾಂಶ ಬಳಸುವ ಒಂದೇ ಸ್ಟುಡಿಯೋ ರಾಣೆಬೆನ್ನೂರಿನ ಜಹಾಂಗೀರನದೆಂದು ಪತ್ತೆ ಮಾಡಿದ. ಹೆದ್ದಾರಿ ಅಗಲ ಮಾಡುತ್ತಿದ್ದ ವರ್ಷ ಅದು. ಅಂದೇ ಅವನೂ ಮಕ್ತುಮಬಿಯೂ ಅಲ್ಲಿಗೆ ಹೋಗಿ ಬಸ್ಸು ಇಳಿದಾಗ ಇಬ್ಬರೂ ಮಣ್ಣಿನ ಗೊಂಬೆಗಳಂತಿದ್ದರು.

ಶನಿವಾರ ಜಹಾಂಗೀರ ಕುಪ್ಪೇಲೂರಿನ ಮದುವೆಗೆ ಹೋಗಿದ್ದ. ಅಂಗಡಿಯಲ್ಲಿದ್ದವಳು ಅವನ ಹೆಂಡತಿ ಜುಬೇದಾ. ಒಬ್ಬ ಗಂಡಸು ಬಂದಿದ್ದ, ಧೂಳಿಗೆ ಹೆದರಿ ಮುಖಕ್ಕೆ ದಸ್ತಿ ಕಟ್ಟಿಕೊಂಡೇ ಇದ್ದ, ಫೋನಿನಲ್ಲಿದ್ದ ಗೊರಕೆಯ ತುಣುಕನ್ನು ಕೊಟ್ಟು ಡಿಸ್ಕಿನ ಕಡೆಗೆ ಹಚ್ಚಲು ಹೇಳಿದ, ಎಂದಳು. ತನಗೆ ಬಾಲ ಕತ್ತರಿಸಲು ಬರುವುದಿಲ್ಲ, ಅದು ಗಂಡನ ಕೆಲಸ ಎಂದು ನಾಚಿಕೊಂಡಳು. ಅಷ್ಟರಲ್ಲಿ ಏನೋ ನೆನಪಾಗಿ ಹೇಳಿದಳು: "ಹೆಸರು ಓದಿ ಹೇಳಿ ಬರಿಸಿದ್ರು ಅವ್ರು. ಒಂದ್ ನಂಬರ ಪುಷ್ಪಲತಾ, ಎರಡ್ ನಂಬರ ಉಚ್ಚಂಗೆವ್ವ, ಹಿಂಗ. ಸಿನಿಮಾಕ್ಕ ನಂಬರ ಯಾಕ್ರಿ ಅಂದೆ. ಹಾಂ, ಬ್ಯಾಡ ಬ್ಯಾಡ ಅಂದ್ರು."

ಕೊಟ್ರೇಶನಿಗೆ ಗಂಡಸು ಸಿಕ್ಕಿದ ಖುಷಿ. ಆದರೆ ಮುಖವಿಲ್ಲದ ಗಂಡಸನ್ನು ಶ್ವೇತಾಳೇ ಕಳಿಸಿದ್ದಳೆಂದು ಸಾಹೇಬರು ಹೇಳಿದರೆ ಮುಗಿಯಿತಲ್ಲ ಎಂದಳು ಮಕ್ತುಮಬಿ.

ಮಂಗಳವಾರ ಬೆಳಿಗ್ಗೆ ಅವಳು ಕೊಟ್ರೇಶನನ್ನು ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿಕೊಂಡಳು. ಒಳಗೆ ಬರುವ ಹೆಣ್ಣುಮಕ್ಕಳು ತಂತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಿ ಹೋಗುತ್ತಿದ್ದರು. ಸುಶೀಲವ್ವ ಎರಡನೇ ಮೊಳೆಗೆ ಹಾಕಿದಳು. "ಇದು ಯಾರ ಬಿಲ್ಲೆ?" ಎಂದಳು ಮಕ್ತುಮಬಿ. "ನಮ್ಮತ್ತಿದು. ಎರಡು ವರ್ಷಾತಲ್ಲ, ಗೊತ್ತಿಲ್ಲೇನು ನಿಮಗ?" ಎಂದು ಸುಶೀಲವ್ವ ತಲೆ ತಗ್ಗಿಸಿ ಒಳಗೆ ಹೋದಳು. ಮಕ್ತುಮಬಿ ಕೊಟ್ರೇಶನ ಬೆನ್ನು ತಟ್ಟಿದಳು. ಯಾಕೆಂದು ಅವನಿಗೆ ತಿಳಿಯಲಿಲ್ಲ. ಶ್ವೇತಾ ಅದೇ ಮಧ್ಯಾಹ್ನ ಅವಳ ಮಾತಿನಂತೆ ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಅದೂ ಅವನಿಗೆ ತಿಳಿಯಲಿಲ್ಲ.

ಬುಧವಾರ ಚಹಾದ ಹೊತ್ತಿಗೆ ಎಲ್ಲರೂ ಅಂಗಳದಲ್ಲಿ ಸೇರಿದರು. ಶಂಭುಲಿಂಗರು ಕೈ ಕಟ್ಟಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ಚಮನಸಾಬನ ಟಿವಿ. ಮಕ್ತುಮಬಿ ಮೊದಲು ಶೇಖಪ್ಪನ ಕೈಗೆ ಪೇಢೆಯ ಡಬ್ಬಿ ಕೊಟ್ಟು, ಹೆಣ್ಣುಮಕ್ಕಳ ಹೆಸರು ಕರೆದು ಹಂಚಲು ಹೇಳಿದಳು.

ಪುಷ್ಪಲತಾ ಎದ್ದು ಬಂದಳು. ಅವನು ಉಚ್ಚಂಗೆವ್ವ ಎಂದ. ಯಾರೂ ಏಳಲಿಲ್ಲ. ಮತ್ತೊಮ್ಮೆ ಕರೆದ. ಹಲಗೆಯ ಕಡೆ ನೋಡಿ, "ಬಿಲ್ಲಿ ಐತಲ್ಲ. ಬಂದಾಳ ಆಕಿ, ಏಳಂತ ಹೇಳ್ರಿ," ಎಂದ.

"ಆಕಿ ಎರಡು ವರ್ಷ ಆತು ಹಾಸಗಿ ಹಿಡದು," ಎಂದಳು ಮಕ್ತುಮಬಿ. "ಬಿಲ್ಲಿ ಸೊಸಿಗೆ ಬಂದೈತಿ. ನಮ್ಮಲ್ಲಿ ಅತ್ತಿ ಬಿಲ್ಲಿ ಸೊಸಿಗೆ, ಅವ್ವನ ಬಿಲ್ಲಿ ಮಗಳಿಗೆ. ಶೆಡ್ಡಿನಾಗ ಕಾಲಿಟ್ಟವ್ರಿಗೆಲ್ಲ ಗೊತ್ತದ. ಶೇಖಪ್ಪಾರ, ನಿಮಗೆ ಘಾಟು ಆಗಂಗಿಲ್ಲ. ಕಿಟಕ್ಯಾಗಿಂದ ಬಿಲ್ಲಿ ನೋಡಿ ಹಾಜರಿ ಹಾಕ್ತೀರಿ."

ನಂತರ ಅವಳು ಒಂದೊಂದೇ ಎಳೆ ಬಿಡಿಸಿದಳು. ವಿಡಿಯೋದಲ್ಲಿ ಉಚ್ಚಂಗೆವ್ವನ ಹೆಸರಿತ್ತು, ಸುಶೀಲವ್ವನದಿರಲಿಲ್ಲ. ಶ್ವೇತಾ ದಿನಾ ಮಧ್ಯಾಹ್ನ ಸುಶೀಲವ್ವನ ಗಂಟಿನ ರೊಟ್ಟಿ ತಿನ್ನುವವಳು. ಅವಳ ಹೆಸರು ಬಿಡುವಳೇ? ಕೊಟ್ರೇಶನ ತಕ್ಕಡಿಗೆ ಬುಟ್ಟಿ ತರುವವಳು ಸುಶೀಲವ್ವ. ಚಮನಸಾಬ ಗೇಟಿನಲ್ಲಿ ಅವಳನ್ನು ಹೆಸರು ಹಿಡಿದು ಮಾತಾಡಿಸುವವನು. ಆ ಹೆಸರುಗಳನ್ನು ಬರೆಸಿದವನಿಗೆ ಹೆಣ್ಣುಮಕ್ಕಳ ಮುಖ ಗೊತ್ತಿಲ್ಲ, ಹಾಜರಿ ಪುಸ್ತಕ ಮಾತ್ರ ಗೊತ್ತು. ನಂಬರಿನ ಸಮೇತ ಗೊತ್ತು. ಅವರ ಪರವಾಗಿ ಬರೆದಂತೆ ಕಾಣಿಸಿ, ಅವರ ಗೆಳತಿಯ ಮೇಲೆ ತಪ್ಪು ಹೊರಿಸುವುದೇ ಅವನ ಉದ್ದೇಶ. ಹಾವೇರಿಗೆಂದು ಹೊರಟವನು ರಾಣೆಬೆನ್ನೂರಿನಲ್ಲಿ ಇಳಿದ. ಜುಬೇದಾಳಿಗೆ ಬಾಲ ಕತ್ತರಿಸಲು ಬರುತ್ತಿದ್ದರೆ ಇದು ಯಾವ ಊರಿನ ಕೆಲಸವೆಂದು ತಿಳಿಯುತ್ತಲೇ ಇರಲಿಲ್ಲ.

ಶಂಭುಲಿಂಗರು ಕೈ ಚಾಚಿದರು. ಶೇಖಪ್ಪ ಫೋನು ಕೊಟ್ಟ. ಗೊರಕೆ ಅದರಲ್ಲಿ ಇನ್ನೂ ಇತ್ತು. ಅಳಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

"ಹತ್ತು ವರ್ಷ ಹಾಜರಿ ಬರದೇನಿ," ಎಂದ ಶೇಖಪ್ಪ, ಯಾರನ್ನೂ ನೋಡದೆ. "ಯುಗಾದಿಯಿಂದ ಅದನ್ನ ಆ ಕಂಪ್ಯೂಟರ್ ಪೆಟ್ಟಿಗಿ ಬರೀತದಂತ. ಅದನ್ನ ತಂದವ್ರು ನೀವು, ಒತ್ತಾಕಿ ಈಕಿ. ನನ್ನ ಒಂದ್ ಮಾತು ಕೇಳಿದ್ರೇನು? ಇಬ್ಬರದೂ ಮಾನ ಒಂದ ಡಿಸ್ಕಿನ್ಯಾಗ ಕಳೀಬೇಕಂತ ಮಾಡಿದೆ."

"ಕೇಳಬೇಕಿತ್ತು," ಎಂದರು ಶಂಭುಲಿಂಗರು. "ಆದರ ಈಗ ಆ ಬೆಂಚಿನ ಮ್ಯಾಲ ಹೋಗಿ ಕುಂದ್ರು."

ಅವನು ಹೋಗಿ ಕೂತ. ಶ್ವೇತಾ ಕಣ್ಣು ಮಿಟುಕಿಸದೆ ನೋಡಿದಳು. ಆದರೆ ಅವಳ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಜುಬೇದಾಳ ಜೊತೆ ಕೂತು ವಿಡಿಯೋದ ಕಡೆಯ ಭಾಗ ಸರಿ ಮಾಡಿಸಿ ತಂದಿದ್ದೇನೆ, ನೋಡಿರಿ ಸರ್ ಎಂದು ಡಿಸ್ಕ್ ಹಾಕಿದಳು. ಗೊರಕೆ ತೆಗೆದಿರುತ್ತಾಳೆಂದು ಶಂಭುಲಿಂಗರು ನೆಮ್ಮದಿಯಿಂದ ಕಾಲ ಮೇಲೆ ಕಾಲು ಹಾಕಿದರು.

ಹೆಸರುಗಳು ಬಂದವು. ಎರಡನೆಯದು ಸುಶೀಲವ್ವನದು, ಆಕೆ ಈ ಸಲವೂ ಕಣ್ಣೊರೆಸಿಕೊಂಡಳು. ಆಮೇಲೆ ಅದೇ ಕುರ್ಚಿ, ಅದೇ ಬಾಯಿ, ಅದೇ ಮೀಸೆ. ಕೊಟ್ರೇಶ ಸಾಹೇಬರ ಮುಖ ನೋಡಲಾರದೆ ತನ್ನ ಚಪ್ಪಲಿ ನೋಡಿಕೊಂಡ. ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೊಂದು ಮೂಡಿದವು:

'ನಿದ್ದೆ ಮಾಡಿದವರು: ಶಂಭುಲಿಂಗ.

ನಿದ್ದೆ ಕೆಡಿಸಿದವರು: ಶೇಖಪ್ಪ.

ಮೂರು ದಿನ ನಿದ್ದೆ ಇಲ್ಲದವಳು: ಶ್ವೇತಾ. ಕಾರಣ: ವಿಚಾರಿಸದ ಸಾಹೇಬರು.'

ಶಂಭುಲಿಂಗರು ಕಡೆಯ ಸಾಲನ್ನು ತುಟಿಯಲ್ಲೇ ಓದಿಕೊಂಡರು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ಕುರ್ಚಿ. ನಗೆ ಹೊರಬಿದ್ದಾಗ ರಸ್ತೆಯಲ್ಲಿ ಚೀಲ ಹೊತ್ತ ಹಮಾಲರೂ ನಿಂತು ನೋಡಿದರು. ಹೆಣ್ಣುಮಕ್ಕಳು ನಕ್ಕರು, ಕೊಟ್ರೇಶ ನಕ್ಕ, ಬೆಂಚಿನ ಮೇಲಿದ್ದವನ ತುಟಿಯೂ ಸೊಟ್ಟಗಾಯಿತು. ಆದರೆ ಸಾಹೇಬರ ದನಿಯ ಮುಂದೆ ಯಾರದೂ ಕೇಳಿಸಲಿಲ್ಲ. ನಗುತ್ತಲೇ ಜೇಬಿಗೆ ಕೈ ಹಾಕಿ ಕೀಲಿ ತೆಗೆದು ಶ್ವೇತಾಳ ಮುಂದೆ ಹಿಡಿದರು. ಮಾತಾಡಲು ಮೂರು ಸಲ ಪ್ರಯತ್ನಿಸಿ, ನಾಲ್ಕನೇ ಸಲಕ್ಕೆ ಗೆದ್ದರು.

"ಇನ್ನೊಮ್ಮೆ ಹಾಕವ್ವಾ."