ಕೆಂಪು ಗೆರೆ ದಾಟಿದ ನೀರು

"ಬಸ್ ನಿಲ್ಲಿಸಿದ್ದು ನೀವೇನಾ?"

ಗಿರಿಜಾಂಬಿಕಾ ಸೀಟಿನಿಂದ ಎದ್ದು ಮುಂದೆ ಬಂದು ಕೇಳಿದಳು. ಡ್ರೈವರ್ ಪಕ್ಕ ನಿಂತಿದ್ದ ಬಸ್ ಡಿಪೋದ ಮೇಲ್ವಿಚಾರಕ ರೇಣುಕಪ್ರಸಾದ್ ತಿರುಗಿ ನೋಡಿದ.

"ಹೂಂ ಕಣ್ರೀ. ನೀರು ಕೆಂಪು ಗೆರೆ ದಾಟೈತೆ."

ರಸ್ತೆಯಡಿ ನೀರು ಹಾಯುವ ಮೋರಿಯ ಪಕ್ಕದ ತೆಂಗಿನ ಮರಕ್ಕೆ ಬೇಸಿಗೆಯಲ್ಲೇ ಆ ಗೆರೆ ಬಳಿದವನು ಅವನೇ. ನೀರು ಅಲ್ಲಿಗೆ ಮುಟ್ಟಿದರೆ ಬಸ್ ದಾಟಕೂಡದು. ಈಗ ಮುಂದೆ ರಸ್ತೆಯೇ ಕಾಣುತ್ತಿರಲಿಲ್ಲ. ಹಿಂದೆ ದಂಡಿನಶಿವರದ ಕಡೆಯ ಹಳ್ಳವೂ ಉಕ್ಕಿತ್ತು. ಎರಡು ನೀರಿನ ನಡುವಿನ ದಿಣ್ಣೆಯ ಮೇಲೆ ಬಸ್ ಸಿಕ್ಕಿಹಾಕಿಕೊಂಡಿತ್ತು. ಕಿಟಕಿಗಳೆಲ್ಲ ಮುಚ್ಚಿ, ಒಳಗೆ ಒದ್ದೆ ಬಟ್ಟೆಯ ವಾಸನೆ.

ಆದರೆ ಗಿರಿಜಾಳಿಗೆ ಉಸಿರುಗಟ್ಟಿದ್ದು ಬೇರೆ ಕಾರಣಕ್ಕೆ. ಈ ಬಸ್ಸನ್ನೇ ನೆಚ್ಚಿಕೊಂಡು ತಿಪಟೂರಿನ ಲ್ಯಾಬ್ ಕೆಲಸಕ್ಕೆ ಹೋಗಿಬರುವವಳು ಅವಳು. ಇನ್ನೊಂದು ಸಲ ಮನೆಗೆ ಬರುವುದು ತಡವಾದರೆ ಕೆಲಸ ಬಿಟ್ಟು ಮನೆಯಲ್ಲಿರು ಎಂದಿದ್ದರು ಅಪ್ಪ ತೋಂಟದಾರ್ಯ. ಮಳೆಗಾಲದಲ್ಲಿ ಈ ಬಸ್ಸನ್ನೇ ನಿಲ್ಲಿಸಿಬಿಡಲು ಡಿಪೋದವನು ತನ್ನ ಹತ್ತಿರ ಓಡಾಡುತ್ತಿದ್ದಾನೆ ಎಂದೂ ಹೇಳಿದ್ದರು.

'ನನ್ನನ್ನು ಮನೆಯೊಳಗೆ ಕೂಡಿಹಾಕುವವನು ಇವನೇ...'

"ನಿಮ್ಮ ಗೆರೆಯಿಂದ ನನ್ನ ಬಾಳು ಹೊಸಿಲೊಳಗೇ ಮುಗಿಯುತ್ತೆ. ಗೊತ್ತೇನ್ರೀ?"



"ಅವನ್ನ ಯಾಕೆ ಬೈತೀಯ ಕಣವ್ವ? ಮೋರಿ ಬಾಯಿಗೆ ಮಟ್ಟೆ ತುಂಬವ್ರೆ. ನೀರು ಎಲ್ಲಿಗೆ ಹೋಗ್ಬೇಕು?" ಹಿಂದಿನ ಸೀಟಿನ ರಾಮಕ್ಕ ಗೊಣಗಿದಳು.

ಗಿರಿಜಾ ಕಿಟಕಿಯ ಗಾಜು ಒರೆಸಿ ನೋಡಿದಳು. ಮೋರಿಯ ಬಾಯಲ್ಲಿ ಮಟ್ಟೆಯ ರಾಶಿ ಕಂಡಿತು. ಮಳೆ ನೀರು ತೋಟಕ್ಕೆ ತಿರುಗಲಿ ಎಂದು ಪ್ರತಿ ವರ್ಷ ತೆಂಗಿನಕಾಯಿ ಸುಲಿದ ಮಟ್ಟೆಯನ್ನು ಅಲ್ಲಿ ಒಟ್ಟುತ್ತಿದ್ದವರು ಅವಳ ಅಪ್ಪನೇ. ನಾಲ್ಕು ಹನಿ ಬೀಳುವ ಕಾಲಕ್ಕೆ ಅದು ಸರಿಯಾಗಿತ್ತು. ಈಗಿನ ಮಳೆಗೆ ಅದು ರಸ್ತೆಯನ್ನೇ ಮುಳುಗಿಸಿತ್ತು.

"ಅದು... ನಮ್ಮ ಮಟ್ಟೆ," ಎಂದಳು. ನಾಚಿಕೆಯಿಂದ ತಲೆ ಮೇಲೇಳಲಿಲ್ಲ.

"ಗೊತ್ತು. ಅದನ್ನ ತೆಗೆಸಿ, ಬಸ್ ನಿಲ್ಲದಂಗೆ ಮಾಡಿ ಅಂತ ಕೇಳಕ್ಕೇ ನಿಮ್ಮಪ್ಪಾಜಿ ಹತ್ರ ಬತ್ತಿದ್ದೆ," ಎಂದ ರೇಣುಕಪ್ರಸಾದ್.

"ಮತ್ತೆ ಕಂಪ್ಲೇಂಟ್ ಯಾಕೆ ಕೊಡಲಿಲ್ಲ?"

ಅವನು ಗೇರ್ ಕಡ್ಡಿಯನ್ನೇ ನೋಡುತ್ತ ನಿಂತ. "ಕೊಟ್ಟಿದ್ರೆ ನೀವು ನನ್ನ ಮುಖ ನೋಡ್ತಿದ್ರಾ? ನೀವು ಹತ್ತೋ ಬಸ್ಸು ಅಂತಲೇ ಈ ದಾರಿ ಡ್ಯೂಟಿ ಕೇಳಿ ಹಾಕಿಸ್ಕಂಡಿದ್ದು."

ಅವಳ ಕಣ್ಣು ತುಂಬಿತು. ಜೊತೆಗೇ ಕೋಪವೂ ಬಂತು. ಇವನ ಒಂದು ಮೌನಕ್ಕೆ ಬಸ್ ತುಂಬ ಜನ ಸಿಕ್ಕಿಬಿದ್ದಿದ್ದಾರಲ್ಲ...

"ನಾಳೆನೇ ಕಂಪ್ಲೇಂಟ್ ಕೊಡಿ. ನಾನೂ ಸಹಿ ಹಾಕ್ತೀನಿ."

"ಆಮೇಲೆ ನಿಮ್ಮನೆಗೆ ಹೆಣ್ಣು ಕೇಳಕ್ಕೆ ಹೆಂಗ್ರೀ ಬರ್ಲಿ?"

ಹೊರಗೆ ನೀರು ಇನ್ನೂ ಇಳಿದಿರಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಬಸ್ಸಲ್ಲೇ ಬನ್ನಿ. ಅಷ್ಟೊತ್ತಿಗೆ ಓಡ್ತಿರುತ್ತಲ್ಲ."