ಹೆಸರಿಗೊಂದು ಲಗ್ನಪತ್ರಿಕೆ

"ದಯವಿಟ್ಟು... ನೀರು ಬೇಡ."

ಪುಟ ತಿರುಗಿಸಲು ಬೆರಳನ್ನು ಒದ್ದೆ ಸ್ಪಂಜಿಗೆ ಒತ್ತಿದ್ದ ಮಧುಶ್ರೀ ತಲೆ ಎತ್ತುವಷ್ಟರಲ್ಲಿ, ಎದುರಿಗೆ ನಿಂತಿದ್ದವನು ನೋಟ್‌ಬುಕ್ಕನ್ನು ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೇ ಬಿಟ್ಟಿದ್ದ.

ನಂಜನಗೂಡಿನ ತಾಲ್ಲೂಕು ಕಚೇರಿ ಎದುರಿನ ಆ ಜೆರಾಕ್ಸ್ ಅಂಗಡಿಯಲ್ಲಿ ಅವಳು ನಾಲ್ಕು ವರ್ಷದಿಂದ ಟೈಪಿಂಗ್ ಮಾಡುತ್ತಿದ್ದಳು. ಪಹಣಿ, ಅಫಿಡವಿಟ್, ತಿಥಿ ಕಾರ್ಡು, ಲಗ್ನಪತ್ರಿಕೆ ಎಲ್ಲವೂ ಅವಳ ಬೆರಳ ತುದಿಯಿಂದಲೇ ಹೊರಬರಬೇಕು. ಯಾವ ಗಿರಾಕಿಯೂ ಹೀಗೆ ಕೈಯಿಂದ ಕಿತ್ತುಕೊಂಡಿರಲಿಲ್ಲ.

"ತಗೊಳ್ರೀ. ನಿಮ್ ಪುಸ್ತಕ ನೀವೇ ಇಟ್ಕೊಳ್ಳಿ," ಅಂದಳು ಮುಖ ಊದಿಸಿಕೊಂಡು. ಆಮೇಲೆ ಅವನಿಗೆ ಅಷ್ಟು ಕನ್ನಡ ಅರ್ಥವಾಗದೇನೋ ಎಂದು ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಳು. ಸಿಟ್ಟು ಎರಡೆರಡು ಸಲ ಖರ್ಚಾಯಿತು.

ಅವನು ನೋಟ್‌ಬುಕ್ಕನ್ನು ಅವಳ ಮುಂದೆ ಬಿಡಿಸಿ ಹಿಡಿದ. ನೀಲಿ ಶಾಯಿಯ ಸಣ್ಣ ಅಕ್ಷರಗಳು. ಅಂಚಿನಲ್ಲಿ ಅವಳ ಬೆರಳಿನ ತೇವ ತಗುಲಿ ಒಂದು ಸಾಲು ಅಷ್ಟೂ ಕಲಸಿಹೋಗಿತ್ತು.

ಮಧುಶ್ರೀ ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. "ಅಯ್ಯೋ... ಅದ್ರಲ್ಲಿ ಏನಿತ್ತು?"

ಅವನು ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: 'ದೋಣಿ ಬರುವ ಮೊದಲೇ ಅಮ್ಮ ನದಿಗೆ ಬೆನ್ನು ತಿರುಗಿಸಿದಳು.'

"ಇಡೀ ಪುಸ್ತಕ ಬಾಯಿಪಾಠವಾ?"

"ಮೂರು ಸಲ ಕೈಯಲ್ಲಿ ಬರೆದೆ. ಬೇಡ ಅಂದರೂ ಬಾಯಿಗೆ ಬರುತ್ತೆ."

ಅವನ ಹೆಸರು ಒಬಿನ್ನ. ನೈಜೀರಿಯಾದ ಲೊಕೊಜ ಎಂಬ ಊರಿನವನು. ಮೈಸೂರಿನಲ್ಲಿ ಫಾರ್ಮಸಿ ಓದುತ್ತ ಮಾತಾಡುವಷ್ಟು ಕನ್ನಡ ಕಲಿತು, ಕೊನೆಯ ವರ್ಷದ ತರಬೇತಿಗೆಂದು ನಂಜನಗೂಡಿನ ಔಷಧಿ ಕಾರ್ಖಾನೆಯೊಂದಕ್ಕೆ ಬರುತ್ತಿದ್ದ. ಲ್ಯಾಪ್‌ಟಾಪ್ ಕೆಟ್ಟು ಮೂಲೆ ಸೇರಿತ್ತು. ಬ್ಯಾಗಿನಲ್ಲಿ ಟೈಪ್ ಮಾಡಿಸಬೇಕಾದ ಅವನ ಕಾದಂಬರಿಯ ಏಳು ನೋಟ್‌ಬುಕ್ಕು, ಒಂದು ಇಂಕ್ ಪೆನ್ನು. ಓದಿಸುತ್ತಿದ್ದ ಸೋದರಮಾವನಿಗೆ ಅಳಿಯ ಬಂದು ತನ್ನ ಔಷಧಿ ಅಂಗಡಿ ನೋಡಿಕೊಳ್ಳಲಿ ಎಂಬ ಆಸೆ. ಅಳಿಯನಿಗೆ ಬರೆಯುವುದನ್ನು ಬಿಟ್ಟು ಬೇರೆ ಆಸೆಯೇ ಇರಲಿಲ್ಲ.

ಅವತ್ತು ಕಿತ್ತುಕೊಂಡ ನೋಟ್‌ಬುಕ್ಕನ್ನು ಅವನೇ ತಿರುಗಿ ಅವಳ ಮೇಜಿನ ಮೇಲಿಟ್ಟು ಹೋದ. ಸ್ಪಂಜಿನ ಡಬ್ಬಿಯನ್ನು ಮಾತ್ರ ಮೆಲ್ಲಗೆ ಆ ಕಡೆಗೆ ಸರಿಸಿದ್ದ. ಅವನು ಮರೆಯಾದ ಮೇಲೆ ಅದನ್ನು ನೋಡಿ ಮಧುಶ್ರೀಗೆ ನಗು ಬಂದಿತು. ಶುರುವಾಗಿದ್ದು ಅಲ್ಲಿಂದಲೇ ಅಂದರೆ ಅವಳು ಒಪ್ಪುವುದಿಲ್ಲ, ನಾವು ಒಪ್ಪಬಹುದು.

* * *

ವಾರಕ್ಕೆ ಎರಡು ಸಲ ಬರುತ್ತಿದ್ದ. ಅವಳು ಟೈಪ್ ಮಾಡುತ್ತ ಹೋದಂತೆ ಕಥೆ ಅವಳೊಳಗೆ ಇಳಿಯಿತು. ಎರಡು ನದಿ ಸೇರುವ ಊರು. ಅಲ್ಲಿ ಒಣಮೀನು ಮಾರುವ ಒಬ್ಬ ತಾಯಿ. ಪ್ರತಿ ಶುಕ್ರವಾರ ಗಂಡನ ದೋಣಿಗಾಗಿ ದಡದಲ್ಲಿ ಕಾಯುತ್ತಾಳೆ. ಗಂಡ ಬರುವುದಿಲ್ಲ.

"ಇದು ನಿಮ್ಮಮ್ಮನ ಕತೇನಾ?" ಒಂದು ದಿನ ಕೇಳಿದಳು.

"ಹೌದು. ಅಮ್ಮನಿಗೆ ಓದು ಬರಲ್ಲ. ಅದಕ್ಕೇ ಧೈರ್ಯವಾಗಿ ಬರೆದೆ."

"ಬರೀದೇ ಇದ್ರೆ ಏನಾಗುತ್ತೆ ನಿಮ್ಗೆ?"

"ಊಟ ಮಾಡಿದರೂ ಹಸಿವು ಹಾಗೇ ಇರುತ್ತೆ."

ಕಥೆಗೆ ಬದಲಾಗಿ ಅವಳು ಅವನಿಗೆ ಕನ್ನಡ ಅಕ್ಷರ ಕಲಿಸಿದಳು. ಹಾಳಾದ ಪ್ರಿಂಟುಗಳ ಹಿಂಬದಿಯಲ್ಲಿ ಅ, ಆ, ಇ, ಈ. ಬಸ್ಸಿನ ಬೋರ್ಡು ಓದಿದ ದಿನ ಅವನು ಹಿಗ್ಗಿಹೋಗಿದ್ದ.

"ನಮ್ಮಲ್ಲೂ ಎರಡು ನದಿ ಸೇರ್ತವೆ ಗೊತ್ತಾ?" ಎಂದಿದ್ದಳು ಅವಳು. "ಈ ಕಪಿಲೆ ಹೋಗಿ ಟಿ. ನರಸೀಪುರದಲ್ಲಿ ಕಾವೇರಿಗೆ ಸೇರ್ತಾಳೆ. ಒಂದಿನ ತೋರಿಸ್ತೀನಿ."

ಅಮ್ಮನಿಗೊಂದು ಬಟ್ಟೆ ಬೇಕು ಎಂದು ಅವನು ಕೇಳಿದಾಗ ಬದನವಾಳಿನ ಖಾದಿ ಕೇಂದ್ರಕ್ಕೆ ಅವಳೇ ಕರೆದುಕೊಂಡು ಹೋದಳು. ಅವಳ ಅಜ್ಜಿ ಅಲ್ಲಿ ನಲವತ್ತು ವರ್ಷದಿಂದ ನೂಲುತ್ತಿದ್ದರು. ಒಬಿನ್ನ ಎಂಬ ಹೆಸರು ಅಜ್ಜಿಯ ಬಾಯಲ್ಲಿ ಒಂದೇ ನಿಮಿಷದಲ್ಲಿ ಓಬಣ್ಣ ಆಯಿತು.

"ಏನ್ ಬರ್ಕೊತಾ ಇದ್ದನವ್ವ ಓಬಣ್ಣ?"

"ನಿನ್ನ ಬಗ್ಗೇನೇ ಕಣಜ್ಜಿ. ನಿನ್ನ ಕೈ ಬಗ್ಗೆ."

"ಈ ಕೈಯಾಗ್ ಏನ್ ಐತೆ ಬರ್ಯಾಕೆ," ಎಂದು ಅಜ್ಜಿ ನಕ್ಕರೂ, ಅವತ್ತು ಸಂಜೆಯವರೆಗೂ ಸೆರಗು ಸರಿಮಾಡಿಕೊಂಡೇ ನೂತರು.

ಮಧುಶ್ರೀ ಮಾತ್ರ ಒಳಗೊಳಗೇ ಹೆದರಿದ್ದಳು. ಇವನು ಹೋಗುವವನು. ವೀಸಾದಲ್ಲಿ ತಾರೀಖು ಬರೆದಿದೆ. ಅಪ್ಪ ಮಹದೇವಯ್ಯನವರಿಗೆ ಮಗಳ ಮೇಲೆ ಜೀವ, ಆದರೆ ಜನ ಏನಂದಾರು ಎಂಬ ಭಯ ಅದಕ್ಕಿಂತ ಒಂದು ತೂಕ ಹೆಚ್ಚು. ಯಾರಿಗೆ ಏನೆಂದು ಹೇಳುವುದು... ಇನ್ನೂ ಅವನಿಗೇ ಹೇಳಿಲ್ಲ!

* * *

ಈಗ ಒಂದು ಚಿಕ್ಕ ವಿಷಯ ಹೇಳಬೇಕು. ಲಗ್ನಪತ್ರಿಕೆ ಮಾಡುವ ಅಂಗಡಿಗಳಲ್ಲಿ ಗಿರಾಕಿಗಳಿಗೆ ತೋರಿಸಲು ಮಾದರಿ ಕಾರ್ಡುಗಳಿರುತ್ತವೆ. ಮಾದರಿಗೂ ವಧು-ವರರ ಹೆಸರು ಬೇಕಲ್ಲ? ಯಾರದೋ ಮನೆಯ ಹೆಸರು ಹಾಕಿದರೆ ಜಗಳ. ಹಾಗಾಗಿ ಟೈಪ್ ಮಾಡುವವರು ತಮ್ಮ ಹೆಸರನ್ನೇ ಹಾಕಿಬಿಡುತ್ತಾರೆ. ಆ ಲೆಕ್ಕದಲ್ಲಿ ಮಧುಶ್ರೀಗೆ ಇಷ್ಟರಲ್ಲಾಗಲೇ ಆರು ಮದುವೆಯಾಗಿತ್ತು. ಟೀ ಅಂಗಡಿಯ ಮಾದೇಶನ ಜೊತೆಗೇ ಎರಡು ಸಲ.

ಮದುವೆ ಸೀಸನ್ ಹತ್ತಿರ ಬಂದಿತ್ತು. "ಮಧು, ಹೊಸ ಮಾಡ್ಲು ಒಂದ್ ಹಾಕಮ್ಮ," ಎಂದರು ಮಾಲೀಕ ರುದ್ರೇಶ್. "ಗಂಡಿನ್ ಹೆಸ್ರಿಗೆ ನಮ್ ಭಾಮೈದ ರವಿಕುಮಾರನ್ದೇ ಹಾಕು. ಎರಡ್ ಮಕ್ಳಾದವನು, ತಕರಾರು ತೆಗಿಯಲ್ಲ."

ಅವಳು ಹಾಕಿದಳು. ಕೆನೆಬಣ್ಣದ ಕಾರ್ಡು, ಕೆಂಪು ಅಕ್ಷರ. ಮುಂದಿನ ತಿಂಗಳ ಒಂದು ಭಾನುವಾರದ ಮುಹೂರ್ತ. ಮೇಜಿನ ಮೇಲಿಟ್ಟು, ಪಕ್ಕದ ಬ್ಯಾಂಕಿಗೆ ಹೋಗಿ ಬರಲು ಎದ್ದಳು.

ಅಷ್ಟರಲ್ಲೇ ಒಬಿನ್ನ ಬಂದ. ಕುಳಿತು ಕಾದ. ಎದುರಿಗಿದ್ದ ಕಾರ್ಡನ್ನು ಅಭ್ಯಾಸಕ್ಕೆಂದು ಅಕ್ಷರ ಅಕ್ಷರ ಕೂಡಿಸಿ ಓದಿದ. ಮ... ಧು... ಶ್ರೀ. ಆಮೇಲೆ ಅವಳ ಊರು. ಆಮೇಲೆ ಇನ್ನೊಂದು ಹೆಸರು. ಆಮೇಲೆ ತಾರೀಖು.

ಅವಳು ಮರಳಿ ಬರುವ ವೇಳೆಗೆ ಕುರ್ಚಿ ಖಾಲಿಯಿತ್ತು.

* * *

ಹನ್ನೆರಡು ದಿನ ಅವನು ಬರಲಿಲ್ಲ.

'ಟೈಪಿಂಗ್ ಮುಗೀತಾ ಬಂತು. ಇನ್ನು ನನ್ನಿಂದ ಏನು ಕೆಲಸ?' ಎಂದುಕೊಂಡಳು. ಬಾಗಿಲ ಕಡೆ ನೋಡುವುದಿಲ್ಲ ಎಂದು ಬೆಳಿಗ್ಗೆ ತೀರ್ಮಾನಿಸಿ, ದಿನವಿಡೀ ಅಲ್ಲೇ ನೋಡಿದಳು. ಮೆಸೇಜು ಬರೆದು ಬರೆದು ಅಳಿಸಿದಳು. ಗಿರಾಕಿಯೊಬ್ಬನನ್ನು 'ಯಾಕೆ ಬರಲಿಲ್ಲ' ಎಂದು ಕೇಳಲು ಅವಳಿಗೇನು ಹಕ್ಕಿದೆ?

"ಓಬಣ್ಣ ಬರ್ನಿಲ್ವಾ ಮಗ?" ಅಜ್ಜಿ ದಿನಾ ಕೇಳುತ್ತಿದ್ದರು.

"ಅವ್ರಿಗೆ ಕೆಲಸ ಇರುತ್ತೆ ಕಣಜ್ಜಿ."

"ನಿಂಗೇನಾಯ್ತು? ಅನ್ನ ಹಂಗೇ ಬಿಟ್ಟಿದ್ದೀಯಲ್ಲ."

ಹದಿಮೂರನೆಯ ದಿನ, ಶನಿವಾರ ಬೆಳಿಗ್ಗೆ ಅವನು ಬಂದ. ಅಂಗಡಿಯಲ್ಲಿ ಪಹಣಿ ಜೆರಾಕ್ಸಿಗೆ ಸಾಲು ನಿಂತಿತ್ತು. ರುದ್ರೇಶ್ ಪಕ್ಕದಲ್ಲೇ ಇದ್ದರು. ಒಬಿನ್ನ ಒಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟ.

"ಇದು ಕೊನೆಯದು. ಟೈಪ್ ಮಾಡಿ ಮೇಲ್ ಮಾಡಿ. ನಾಳೆ ಬೆಂಗಳೂರಿನಿಂದ ವಿಮಾನ."

"ನಾಳೆ...?"

"ಇವತ್ತು ಸಂಗಮ ನೋಡ್ತೀನಿ. ಒಬ್ಬನೇ. ನಿಮಗೆ ಈಗ ಬೇರೆ ಕೆಲಸ ಇರುತ್ತೆ."

"ಅಮ್ಮಾ, ನಂದು ಎಲ್ಡ್ ಕಾಪಿ," ಎಂದು ಯಾರೋ ಪಹಣಿ ಮುಂದೆ ಚಾಚಿದರು. ಅವಳು ತೆಗೆದುಕೊಂಡಳು. ಕಾಪಿ ತೆಗೆದು ತಿರುಗುವಷ್ಟರಲ್ಲಿ ಅವನು ರಸ್ತೆ ದಾಟಿದ್ದ.

ಅತ್ತರೆ ಎಲ್ಲರಿಗೂ ಕಾಣುತ್ತದೆ. ಅದಕ್ಕೇ ಅವಳು ಟೈಪ್ ಮಾಡಲು ಕೂತಳು.

ಕೊನೆಯ ಅಧ್ಯಾಯದಲ್ಲಿ ಆ ತಾಯಿಯ ಮಗ ದೂರದ ಊರಿಗೆ ಬರುತ್ತಾನೆ. ತನ್ನ ಹಾಳೆಗಳನ್ನು ಒಬ್ಬ ಹುಡುಗಿಗೆ ಕೊಡುತ್ತಾನೆ. ಮಧುಶ್ರೀಯ ಬೆರಳು ನಿಧಾನವಾಯಿತು. ಇಂಗ್ಲಿಷಿನಲ್ಲಿ ಇದ್ದುದು ಇಷ್ಟು:

'ಅವಳು ಕಲಿಸಿದ ಅಕ್ಷರಗಳಲ್ಲೇ ಅವಳ ಮದುವೆಯ ಕಾರ್ಡು ಓದಿದೆ. ಕಲಿಯದೇ ಇದ್ದಿದ್ದರೆ ಇನ್ನೂ ಸ್ವಲ್ಪ ದಿನ ಸುಖವಾಗಿರುತ್ತಿದ್ದೆ. ಅವಳು ಹೇಳಲಿಲ್ಲ. ಯಾಕೆ ಹೇಳಬೇಕು? ನಾನು ಅವಳಿಗೆ ಪುಟಗಳನ್ನು ಕೊಡುವವನು, ಅಷ್ಟೇ. ದೋಣಿ ಬರುವ ಮೊದಲೇ ನಾನೂ ನದಿಗೆ ಬೆನ್ನು ತಿರುಗಿಸಿದೆ.'

ಮದುವೆ ಕಾರ್ಡು? ಯಾರ ಮದುವೆ?

ತಲೆ ಎತ್ತಿದಳು. ಎದುರಿನ ಗಾಜಿಗೆ ಅಂಟಿಸಿದ್ದ ಮಾದರಿ ಕಾರ್ಡಿನಲ್ಲಿ ತನ್ನದೇ ಹೆಸರು ಕೆಂಪಗೆ ಕಾಣಿಸಿತು.

ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಅದೇ ಉತ್ತರ.

ಕಾರ್ಡನ್ನು ಗಾಜಿನಿಂದ ಕಿತ್ತು ಬ್ಯಾಗಿಗೆ ಹಾಕಿಕೊಂಡಳು.

"ಎಲ್ಲಿಗಮ್ಮ? ಇಷ್ಟ್ ಜನ ಇದ್ದಾರೆ. ಆ ಕಾರ್ಡ್ ಯಾಕೆ?" ರುದ್ರೇಶ್ ಗಾಬರಿಯಾದರು.

"ಇದ್ರಲ್ಲಿ ತಪ್ಪಿದೆ ಸಾ. ತಿದ್ದಿಸ್ಕೊಂಡು ಬತ್ತೀನಿ."

* * *

ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋಗುವ ಬಸ್ಸು ಅವತ್ತು ಕೈ ತೋರಿಸಿದಲ್ಲೆಲ್ಲ ನಿಂತಿತು. ಹುಲ್ಲಿನ ಹೊರೆ ಹತ್ತಿತು, ಇಳಿಯಿತು. ಮಧುಶ್ರೀ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಬಸ್ಸನ್ನು ತಳ್ಳಲಿಕ್ಕಾದೀತೆ? 'ಹೊರಟುಹೋಗಿದ್ದರೆ? ಸಿಕ್ಕರೂ ಏನು ಹೇಳಲಿ? ಇರಿ ಅನ್ನಲಾ? ಇರಲಿಕ್ಕೆ ಅವನ ಕೈಯಲ್ಲಿದೆಯಾ, ಇರಿಸಿಕೊಳ್ಳಲಿಕ್ಕೆ ನನ್ನ ಕೈಯಲ್ಲಿದೆಯಾ...'

ಸಂಗಮದ ಮೆಟ್ಟಿಲುಗಳ ಮೇಲೆ ಅವನು ಒಬ್ಬನೇ ಕೂತಿದ್ದ. ಮುಖ ನೀರಿನ ಕಡೆಗಿತ್ತು.

"ಬೆನ್ನು ತಿರುಗಿಸಿದೆ ಅಂತ ಬರ್ದಿದ್ರಿ," ಎಂದಳು ಹಿಂದಿನಿಂದ, ಏದುಸಿರು ಬಿಡುತ್ತ. "ಇಲ್ಲಿ ನೋಡಿದ್ರೆ ನದಿ ನೋಡ್ತಾ ಕೂತಿದ್ದೀರಾ."

ಅವನು ಎದ್ದು ನಿಂತ. ಕಣ್ಣು ಕೆಂಪಾಗಿತ್ತು.

ಅವಳು ಕಾರ್ಡನ್ನು ಚಾಚಿದಳು. "ಇದು ಮಾಡ್ಲು ಕಣ್ರೀ. ಗಿರಾಕಿಗಳಿಗೆ ತೋರ್ಸೋಕೆ ಮಾಡಿರೋದು. ಹೆಸ್ರು ಬೇಕಲ್ಲ ಅಂತ ನಂದೇ ಹಾಕ್ತೀನಿ. ಈ ರವಿಕುಮಾರ್ ನಮ್ಮ ಓನರ್ ಭಾಮೈದ. ಅವ್ರ ಮಗಳು ಮೂರ್ನೇ ಕ್ಲಾಸು."

ಅವನು ಕಾರ್ಡನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದ. ನಗು ಯಾವಾಗ ಅಳುವಾಯಿತೋ ಅವಳಿಗೆ ತಿಳಿಯಲಿಲ್ಲ.

"ಹನ್ನೆರಡು ದಿನ," ಎಂದ. "ಹನ್ನೆರಡು ದಿನ ಹಾಳು ಮಾಡಿದೆ."

"ಒಂದ್ಸಲ ಕೇಳ್ಬೋದಿತ್ತಲ್ವಾ?"

"ನೀವು?"

ಅವಳು ಅವನ ಪಕ್ಕದಲ್ಲಿ ಕೂತಳು. ಎದುರಿಗೆ ಕಪಿಲೆ ಸದ್ದಿಲ್ಲದೆ ಬಂದು ಕಾವೇರಿಗೆ ಸೇರುತ್ತಿದ್ದಳು. ಲೊಕೊಜದಲ್ಲಿ ಎರಡು ನೀರಿನ ಬಣ್ಣ ಬಹಳ ದೂರದವರೆಗೂ ಬೇರೆ ಬೇರೆಯಾಗಿಯೇ ಕಾಣುತ್ತದೆ ಎಂದು ಅವನು ಹೇಳಿದ. ಆಮೇಲೆ? ಎಂದು ಕೇಳಿದಳು. ಆಮೇಲೆ ಗೊತ್ತಾಗುವುದಿಲ್ಲ ಎಂದ.

"ಮಧುಶ್ರೀ... ನಾನು ನಿಮ್ಮನ್ನ ಪ್ರೀತಿಸ್ತೀನಿ. ಆದರೆ ನನ್ನ ಹತ್ತಿರ ಏನೂ ಇಲ್ಲ. ಕೆಲಸ ಇಲ್ಲ. ಪುಸ್ತಕ ಯಾರು ತಗೊಳ್ತಾರೋ ಗೊತ್ತಿಲ್ಲ. ವೀಸಾ ಸೋಮವಾರ ಮುಗಿಯುತ್ತೆ. ಬರ್ತೀನಿ ಅಂತ ಮಾತು ಕೊಟ್ಟರೆ... ಅಪ್ಪನೂ ಅಮ್ಮನಿಗೆ ಹಾಗೇ ಹೇಳಿದ್ದ."

ಅವನು ಸುಳ್ಳು ಧೈರ್ಯ ಹೇಳಲಿಲ್ಲ. ಅದೇ ಅವಳಿಗೆ ಹಿಡಿಸಿತು, ಅದೇ ನೋಯಿಸಿತು ಕೂಡ.

"ನನ್ನತ್ರಾನೂ ಏನೂ ಇಲ್ಲ," ಎಂದಳು. "ಅಪ್ಪಂಗೆ ಹೆಂಗ್ ಹೇಳ್ಲಿ, ಗೊತ್ತಿಲ್ಲ. ನಾಳೆ ನೀವು ಹೋದ್ಮೇಲೆ ಅಂಗಡೀಲಿ ಹೆಂಗ್ ಕೂತ್ಕೊಳ್ಲಿ, ಅದೂ ಗೊತ್ತಿಲ್ಲ. ಒಂದೇ ಗೊತ್ತಿರೋದು... ಆ ಕೊನೇ ಅಧ್ಯಾಯ ನಾನು ಟೈಪ್ ಮಾಡಲ್ಲ. ಅದು ಸುಳ್ಳು. ಬೇರೆ ಬರೀರಿ. ಎಷ್ಟ್ ವರ್ಷ ಆದ್ರೂ ಆಗ್ಲಿ, ಬರ್ದು ಕಳ್ಸಿ. ನಾನೇ ಟೈಪ್ ಮಾಡ್ತೀನಿ. ಬೇರೆಯವ್ರ ಕೈಲಿ ಮಾಡಿಸ್ಬೇಡಿ."

ಅವನು ಜೇಬಿನಿಂದ ಇಂಕ್ ಪೆನ್ನು ತೆಗೆದ. ಕಾರ್ಡನ್ನು ಮೊಣಕಾಲ ಮೇಲಿಟ್ಟುಕೊಂಡು ವರನ ಹೆಸರಿನ ಮೇಲೆ ನೇರವಾಗಿ ಒಂದು ಗೆರೆ ಎಳೆದ. ಪ್ರೂಫ್ ತಿದ್ದುವಾಗ ಅವಳು ಎಳೆಯುವ ಹಾಗೆಯೇ. ಅದರ ಮೇಲೆ, ನಾಲಿಗೆ ಕಚ್ಚಿಕೊಂಡು, ಅವಳು ಕಲಿಸಿದ ಅಕ್ಷರಗಳಲ್ಲಿ ತನ್ನ ಹೆಸರು ಬರೆದ.

ತಾರೀಖಿನ ಮೇಲೂ ಗೆರೆ ಎಳೆದ. ಮುಂದೆ ಪೆನ್ನು ಓಡಲಿಲ್ಲ.

"ಇಲ್ಲಿ ಏನು ಬರೀಲಿ?"

"ಖಾಲಿ ಬಿಡಿ."

"ಎಷ್ಟು ದಿನ?"

ಅವಳು ನೀರಿನ ಕಡೆ ನೋಡಿದಳು. "ಗೊತ್ತಿಲ್ಲ. ತಾರೀಖು ಗೊತ್ತಾಗೋವರ್ಗೂ ನಾವು ಅಚ್ಚಿಗೆ ಕಳ್ಸಲ್ಲ. ಪ್ರೂಫ್ ಕಾಪೀನ ಬಿಸಾಕೋದೂ ಇಲ್ಲ. ಡ್ರಾಯರಲ್ಲಿ ಇಟ್ಕೊಂಡಿರ್ತೀವಿ."

ಅವನು ಕಾರ್ಡನ್ನು ಅವಳ ಕೈಗೆ ಕೊಟ್ಟ. ಶಾಯಿ ಇನ್ನೂ ಆರಿರಲಿಲ್ಲ. ಆ ಸೊಟ್ಟ ಅಕ್ಷರಗಳನ್ನು ನೋಡುತ್ತ ನೋಡುತ್ತ, ಬೆಳಿಗ್ಗೆಯಿಂದ ತಡೆದಿಟ್ಟಿದ್ದೆಲ್ಲ ಅವಳ ಕಣ್ಣಿಗೆ ನುಗ್ಗಿತು. ಅವಳು ಕಾರ್ಡಿನ ಮೇಲೆ ಬಾಗಿದ್ದಳು.

ಅವನು ಗಾಬರಿಯಿಂದ ಅಂಗೈಯನ್ನು ಅವಳ ಕೆನ್ನೆಗೆ ಒತ್ತಿ ಹಿಡಿದ.

"ದಯವಿಟ್ಟು," ಎಂದ ಮೆಲ್ಲಗೆ, "ನೀರು ಬೇಡ."