ಮೂರು ಗೈಡ್‌ಬುಕ್ಕು, ಒಂದು ಮೂಗು

"ಗೈಡ್ ಇದ್ಯಾ ಮೇಡಂ?" ಎಂದು ಕೇಳಿದವನ ಕೈಗೆ ನಾನು ಸೆಕೆಂಡ್ ಪಿಯುಸಿ ಅಕೌಂಟೆನ್ಸಿ ಗೈಡ್ ಇಟ್ಟೆ. ನಂಜನಗೂಡು ಬಸ್‌ಸ್ಟ್ಯಾಂಡ್ ಪಕ್ಕದ ನಮ್ಮ ಪುಸ್ತಕದಂಗಡಿಗೆ ಬರುವವರಿಗೆಲ್ಲ ಬೇಕಾದದ್ದು ಅದೇ.

ಅವನು ಪುಟ ಮಗುಚಿದ. "ಇದ್ರಲ್ಲಿ ಸಿಂಗಾಪುರ ಎಲ್ಲಿ ಬತ್ತದೆ?"

ನಾನು ನಕ್ಕೆ. ನನಗಿಂತ ಜೋರಾಗಿ ಅವನು ನಕ್ಕ.

ಹೆಸರು ಗುರು, ಹೆಮ್ಮಿಗೆಯವನು. ಮೈಸೂರಿನ ಪ್ರವಾಸ ಕಂಪನಿಯೊಂದರಲ್ಲಿ ಅಡುಗೆಯವನು. ಯಾತ್ರೆಯ ಬಸ್ಸಿನಲ್ಲಿ ಒಲೆ, ಪಾತ್ರೆ ಕಟ್ಟಿಕೊಂಡು ಹೋಗಿ, ಕಾಶಿಯಲ್ಲೂ ನಮ್ಮ ಕಡೆಯವರಿಗೆ ಮುದ್ದೆ ಸಾರು ಬಡಿಸುವ ಕೆಲಸ. ಈಗ ಕಂಪನಿ ವಿದೇಶ ಪ್ರವಾಸ ಶುರುಮಾಡಿತ್ತು: ಸಿಂಗಾಪುರ, ಆಫ್ರಿಕಾ, ಯುರೋಪು. "ಯಾವ ರೂಟು ಅಂತ ನೀನೇ ಆರಿಸ್ಕೊ, ಆಮೇಲೆ ಬದಲಾಯಿಸೋ ಹಂಗಿಲ್ಲ" ಎಂದಿದ್ದರಂತೆ.

ಮೂರೂ ಕಡೆಯ ಗೈಡ್‌ಬುಕ್ ತರಿಸಿದೆ. ಇಂಗ್ಲಿಷಿನಲ್ಲಿದ್ದವು; ಅವನಿಗೆ ಓದಿ ಹೇಳುವ ನೆಪ ನನಗೆ ಸಿಕ್ಕಿತು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಅವನು ಸ್ಟೂಲಿನ ಮೇಲೆ ಕೂರುತ್ತಿದ್ದ. ಸಿಂಗಾಪುರವನ್ನು ಏರ್‌ಪೋರ್ಟ್ ಅನೌನ್ಸ್‌ಮೆಂಟಿನ ದನಿಯಲ್ಲಿ ಓದಿದೆ. ಯುರೋಪಿಗೆ ನರಸೀಪುರ ಬಸ್ಸಿನ ಕಂಡಕ್ಟರ್ ದನಿ: "ಪ್ಯಾರಿಸ್ ಪ್ಯಾರಿಸ್ ಪ್ಯಾರಿಸ್! ಒಳಕ್ ಓಗ್ರೀ, ಗೋಪುರದ್ ತಾವ ಇಳಿಯೋರು ಮುಂದ್ಕ್ ಬನ್ನಿ!"

ಅವನು ಕಣ್ಣು ಮುಚ್ಚಿಕೊಂಡು ನಗುತ್ತಿದ್ದ. ಆ ಮುಚ್ಚಿದ ರೆಪ್ಪೆಗಳನ್ನು ಎಷ್ಟು ಹೊತ್ತು ನೋಡಿದರೂ ಕೇಳುವವರಿರಲಿಲ್ಲ.

"ಅರಮನೆ ಅತ್ಲಾಗಿರಲಿ, ಅಲ್ಲಿ ಸಂತೆ ಯಾವತ್ತು? ಕೊತ್ತಂಬರಿ ಸೊಪ್ಪು ಸಿಕ್ತದಾ?" ಇವು ಅವನ ಪ್ರಶ್ನೆಗಳು.

"ಸಿಕ್ಕಿದ್ರೂ ರುಚಿ ಹೇಗೋ?"

"ರುಚಿ ಯಾರು ನೋಡ್ತಾರೆ? ನಮ್ ಮರಿಯಯ್ಯ ಮಾವ ಕಲಿಸಿರೋದೇ ಅಂಗೆ. ಹಿರೀಕ್ರಿಗೆ ಎಡೆ ಇಡೋಗಂಟ ಅಡುಗೆಯೋನು ನಾಲ್ಗೆಗೆ ಏನೂ ಮುಟ್ಟಿಸ್ಬಾರ್ದು. ಉಪ್ಪೂ ಮೂಗಲ್ಲೇ ತಿಳೀಬೇಕು."

ಆ ಶನಿವಾರ ಬೆಳಿಗ್ಗೆ ಅವ್ವ ನನ್ನ ಜಡೆ ಬಿಗಿಯುತ್ತಾ ಹೇಳಿದಳು: "ನಾಳೀಕೆ ಸೋಸಲೆಯಿಂದ ಗಂಡಿನ್ ಕಡೆಯೋರು ಬತ್ತಾವ್ರೆ. ಅವ್ರ ಮುಂದೆ ಕಂಡಕ್ಟ್ರು ದನಿ ಗಿನಿ ತೆಗ್ದೀಯ ಕಣವ್ವ."

ಅವತ್ತೇ ಗುರು ಕಂಪನಿಗೆ ಉತ್ತರ ಹೇಳಬೇಕಿತ್ತು. ಮೂರೂ ಪುಸ್ತಕ ಎದುರಿಗಿಟ್ಟುಕೊಂಡು, "ನೀವೇ ಆರಿಸಿ" ಎಂದ.

ಟೊಮೇಟೊ ಆರಿಸಿ ಎಂದಂತೆ! ಇಷ್ಟು ದಿನ ಕೂತು ಕೇಳಿದ್ದು ಬರೀ ಸೊಪ್ಪಿನ ವಿಚಾರಕ್ಕೇನಾ? ಯುರೋಪನ್ನು ಅವನ ಕಡೆ ತಳ್ಳಿದೆ. "ಇದು. ದಪ್ಪಗಿದೆ, ದೂರ ಇದೆ. ಹೋಗ್ಬನ್ನಿ."

ಅವನ ಮುಖ ಬಾಡಿತು. ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಮೂಗಿನ ಹತ್ತಿರ ಹಿಡಿದ.

"ಸಿಂಗಾಪುರ, ಬರೀ ಗೋಂದು." ಆಫ್ರಿಕಾ ತೆರೆದ. "ಇದು ನಿಮ್ಮಂಗಡಿ ಧೂಳು." ಯುರೋಪಿನ ಪುಟಗಳನ್ನು ನಿಧಾನವಾಗಿ ಮಗುಚುತ್ತಾ ಒಂದು ಪುಟದಲ್ಲಿ ನಿಲ್ಲಿಸಿದ. ಮತ್ತೆ ಮೂಸಿದ.

"ರಸಬಾಳೆ."

ನನ್ನ ಕಿವಿ ಬಿಸಿಯಾಯಿತು. ನಮ್ಮ ಪಕ್ಕದ ಮನೆ ಪಾಪಮ್ಮಜ್ಜಿಯ ಹಿತ್ತಿಲಲ್ಲಿ ಈಗಲೂ ರಸಬಾಳೆಯ ನಾಲ್ಕು ಗಿಡ ಉಳಿದಿವೆ. ಅವನು ಎದ್ದು ಹೋದ ಮೇಲೆ ಹಣ್ಣು ತಿನ್ನುತ್ತಾ ಅದೇ ಪುಟಕ್ಕೆ ಮರಳುವುದು ನನ್ನ ಅಭ್ಯಾಸವಾಗಿತ್ತು.

"ಈ ಸೇತುವೆ ಚಿತ್ರದ ಪುಟ ನಂಗೆ ಓದಿ ಹೇಳ್ಲೇ ಇಲ್ವಲ್ಲ?"

"ಅದ್ರಲ್ಲಿ ಸಂತೆ ಇಲ್ಲ."

"ಮತ್ತೇನದೆ?"

"ಲಿಸ್ಬನ್ ಅಂತ ಒಂದೂರು. ಅಲ್ಲಿ ಹೊಳೆ ಸಮುದ್ರ ಸೇರುತ್ತಂತೆ. ನಮ್ಮ ಕಪಿಲೆ ನರಸೀಪುರದಲ್ಲಿ ಕಾವೇರಿ ಸೇರೋದಷ್ಟೇ ನಾನು ನೋಡಿರೋದು. ಅದರಾಚೆಗೆ ನೀರು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸ್ತಾ ಇರ್ತೀನಿ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಗುರು ಪುಟದ ಮೇಲಿಂದ ಕಣ್ಣೆತ್ತಲಿಲ್ಲ.

"ಕಂಪನಿಯೋರು ಇನ್ನೊಂದ್ ಮಾತು ಅಂದವ್ರೆ. ಯಾವ ರೂಟಾದ್ರೂ ಇಬ್ರು ಬೇಕಂತೆ. ಗಂಡ ಎಂಡ್ತಿ ಆದ್ರೆ ಒಂದೇ ರೂಮಲ್ಲಿ ಆಯ್ತದೆ, ಒಳ್ಳೇದು ಅಂತ." ಪುಟದ ಮೂಲೆ ಸವರಿದ. "ಅದ್ಕೇ ನೀವೇ ಆರಿಸಿ ಅಂದಿದ್ದು."

ಯಾರ ದನಿಯಲ್ಲಿ ಉತ್ತರಿಸಲಿ ಎಂದು ಹುಡುಕಿದೆ. ಕಂಡಕ್ಟರ್ ಬರಲಿಲ್ಲ, ಅನೌನ್ಸರ್ ಬರಲಿಲ್ಲ. ಬಂದದ್ದು ನನ್ನದೇ ದನಿ.

"ನಂಗೆ ಅಡುಗೆ ಬರಲ್ಲ."

"ನೀವು ದಾರಿ ಓದಿ. ಒಲೆ ನಾ ನೋಡ್ಕತೀನಿ."

"ನಾಳೆ ಸೋಸಲೆಯಿಂದ ನನ್ನ ನೋಡೋಕೆ ಬರ್ತಿದಾರೆ."

ಅವನು ಸ್ಟೂಲಿನಿಂದ ಎದ್ದೇಬಿಟ್ಟ. "ಅಂಗಾರೆ ಇವತ್ತೇ ಬತ್ತೀನಿ ನಿಮ್ಮವ್ವನ್ ತಾವ್ಕೆ. ನಡೀರಿ."

"ಒಂದ್ನಿಮಿಷ ಇರಿ."

ಡ್ರಾಯರಿನಲ್ಲಿ ಒಂದೇ ಒಂದು ರಸಬಾಳೆ ಉಳಿದಿತ್ತು. ಸುಲಿದು ಅವನ ಮುಂದೆ ಹಿಡಿದೆ. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

"ಅಡುಗೆಯೋನು ಆಮೇಲೆ. ಮೊದ್ಲು ನೀನು" ಎಂದ.

ನಾನು ಕಚ್ಚಿದೆ. ಆಮೇಲೆ ಅವನು ಕೈ ಚಾಚಿದ.